ಕಲಬುರಗಿಯ ಖಾಜಾ ಬಂದೇನವಾಜರು

ನಾನು ಗುಂಡಗುರ್ತಿಯವನು. ಚಿತ್ತಾಪುರ ತಾಲೂಕಿನ ಈ ಊರಿನ ಹೆಸರನ್ನು ಕೇಳಿದ ವಾಚಕರು ಬಹಳ ಮಂದಿ ಇರಲಾರರು. ವಾಡಿ, ಶಹಾಬಾದ, ಸೇಡಂಗಳಂತೆ ಸಿಮೆಂಟಿನಿಂದಲೋ ಹಾಸುಗಲ್ಲಿನಿಂದಲೋ ಹೆಸರಾದ ಊರು ಅದಲ್ಲ. ಜೋಳ ತೊಗರಿಗಳನ್ನು ನಂಬಿ ಬದುಕುವ ಒಕ್ಕಲುತನದ ಊರು. ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ತೊಗರಿಯ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ನಮ್ಮ ಮುತ್ಯಾ ಕಲಬುರಗಿಗೆ ಹೊರಡುತ್ತಿದ್ದನು. ಮೊದಲು ಶರಣಬಸವೇಶ್ವರರ ಗುಡಿಯಲ್ಲಿ ಕಾಯಿ ಒಡೆಸುವುದು, ಆಮೇಲೆ ಖಾಜಾ ಬಂದೇನವಾಜರ ದರ್ಗಾದಲ್ಲಿ ಸಕ್ಕರೆ ಓದಿಸುವುದು. ಎರಡು ಕಡೆಯ ಪ್ರಸಾದಗಳೂ ಅವನ ಶಲ್ಯದ ಎರಡು ತುದಿಗಳಲ್ಲಿ ಗಂಟಾಗಿ ಮನೆಗೆ ಬರುತ್ತಿದ್ದವು. ಮಕ್ಕಳಾದ ನಮ್ಮ ಕೈಗೆ ಬಂದ ಮೇಲೆ ಅವು ಬೇರೆಯಾಗಿ ಉಳಿಯುತ್ತಿರಲಿಲ್ಲ. ಈ ಖಾಜಾ ಯಾರು, ಎಲ್ಲಿಯವರು ಎಂದು ನಾನು ಆಗ ಕೇಳಲಿಲ್ಲ. ಕಲಬುರಗಿಯಲ್ಲಿಯೇ ಹುಟ್ಟಿ ಕಲಬುರಗಿಯಲ್ಲಿಯೇ ಬೆಳೆದವರೆಂದು ಭಾವಿಸಿದ್ದೆನು.

ಬಿ.ಎ. ಓದಲೆಂದು ನಗರಕ್ಕೆ ಬಂದ ಹೊಸತರಲ್ಲಿ ಒಂದು ಕೋಣೆಗಾಗಿ ನಾನು ಹನ್ನೊಂದು ದಿನ ಅಲೆದೆನು. ಹೋದ ಕಡೆಯಲ್ಲೆಲ್ಲ ಬಾಡಿಗೆಯ ಮಾತಿಗಿಂತ ಮೊದಲು ನಾನು ಯಾರ ಪೈಕಿಯವನೆಂಬ ಮಾತು ಬರುತ್ತಿತ್ತು. ಉತ್ತರ ಕೇಳಿದ ಮೇಲೆ, ಕೋಣೆ ನಿನ್ನೆಯೇ ಬೇರೆಯವರಿಗೆ ಹೋಯಿತೆಂಬ ಸಮಾಧಾನದ ನುಡಿ. ಹನ್ನೊಂದನೆಯ ದಿನದ ಸಂಜೆ ಕಾಲು ಸೋತು, ಮನಸ್ಸೂ ಸೋತು, ದರ್ಗಾದ ಅಂಗಳದಲ್ಲಿ ಹೋಗಿ ಕುಳಿತೆನು. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪಕ್ಕದಲ್ಲಿ ಬುತ್ತಿ ಬಿಚ್ಚಿದ್ದ ತೆಲುಗು ಮಾತಿನ ಕುಟುಂಬವೊಂದು ನನ್ನ ಕೈಗೂ ಒಂದು ರೊಟ್ಟಿಯನ್ನಿಟ್ಟಿತು. ಮರುದಿನ ಈ ಸಂಗತಿಯನ್ನು ನಮ್ಮ ಇತಿಹಾಸದ ಅಧ್ಯಾಪಕರಿಗೆ ಹೇಳಿದೆನು. ಖಾಜಾ ಅವರೂ ಈ ಊರಿಗೆ ಹೊರಗಿನಿಂದಲೇ ಬಂದವರು, ಅದೂ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಎಂದು ತಿಳಿಸಿ, ಅವರು ನನ್ನನ್ನು ಗ್ರಂಥಾಲಯಕ್ಕೆ ಕಳುಹಿಸಿದರು. ಅಲ್ಲಿ ಓದಿ ಅರಿತುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಖಾಜಾ ಬಂದೇನವಾಜರ ಹುಟ್ಟು ಹೆಸರು ಸೈಯದ್ ಮುಹಮ್ಮದ್ ಹುಸೈನಿ. ಅವರು ಜನಿಸಿದುದು 1321ರಲ್ಲಿ, ದಿಲ್ಲಿಯಲ್ಲಿ. ಅವರಿಗೆ ಆರೇಳು ವರ್ಷಗಳಾಗಿದ್ದಾಗ ಮುಹಮ್ಮದ್ ಬಿನ್ ತುಘಲಕನು ದಿಲ್ಲಿಯ ಪ್ರಮುಖರೆಲ್ಲರೂ ದಕ್ಷಿಣದ ದೌಲತಾಬಾದಿಗೆ ಹೊರಡಬೇಕೆಂದು ಆಜ್ಞೆ ಮಾಡಿದನು. ಆ ಜನಪ್ರವಾಹದಲ್ಲಿ ಬಾಲಕನ ಮನೆಯವರೂ ಸೇರಿದ್ದರು. ತಂದೆ ಸೈಯದ್ ಯೂಸುಫರು ಅಲ್ಲಿಯೇ ಕಾಲವಾದರು. ಅವರ ಸಮಾಧಿ ದೌಲತಾಬಾದಿನ ಬಳಿಯ ಖುಲ್ದಾಬಾದಿನಲ್ಲಿದೆ. ಹೀಗೆ ಊರು ಬಿಡುವ ದುಃಖವೂ ತಂದೆಯನ್ನು ಕಳೆದುಕೊಳ್ಳುವ ದುಃಖವೂ ಎಳೆಯ ವಯಸ್ಸಿನಲ್ಲಿಯೇ ಅವರ ಪಾಲಿಗೆ ಬಂದವು.

ಹದಿನೈದರ ಪ್ರಾಯದಲ್ಲಿ ತಾಯಿಯೊಡನೆ ದಿಲ್ಲಿಗೆ ಮರಳಿದ ಅವರು ಚಿಸ್ತಿ ಸಂಪ್ರದಾಯದ ಮಹಾಗುರು ನಾಸಿರುದ್ದೀನ ಚಿರಾಗ್ ದೆಹಲವಿಯವರ ಶಿಷ್ಯರಾದರು. ಒಮ್ಮೆ ಗುರುಗಳ ಪಲ್ಲಕ್ಕಿಯನ್ನು ಹೊರುವಾಗ ಅವರ ನೀಳವಾದ ಕೂದಲು ಪಲ್ಲಕ್ಕಿಯಲ್ಲಿ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತೊಂದರೆಯಾದೀತೆಂದು ನೋವನ್ನು ನುಂಗಿಕೊಂಡೇ ಅವರು ದಾರಿ ನಡೆದರಂತೆ. ಉದ್ದ ಕೂದಲಿನವರು ಎಂಬರ್ಥದ ಗೇಸುದರಾಜ್ ಎಂಬ ಹೆಸರು ಅಂದಿನಿಂದ ಬಂದಿತೆಂದು ಪರಂಪರೆಯವರು ಹೇಳುತ್ತಾರೆ. ಸೇವಕರನ್ನು ಸಲಹುವವರು, ಅಂದರೆ ಬಂದೇನವಾಜ್, ಎಂಬುದು ಜನರಿತ್ತ ಹೆಸರು.

1356ರಲ್ಲಿ ಗುರುಗಳು ತೀರಿಕೊಂಡರು. ಆ ಬಳಿಕ ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಖಾಜಾ ಅವರು ದಿಲ್ಲಿಯಲ್ಲಿ ಪಾಠ ಹೇಳಿದರು, ಗ್ರಂಥಗಳನ್ನು ಬರೆದರು, ಸಂಸಾರವನ್ನೂ ನಡೆಸಿದರು. ಅರಬ್ಬಿ ಪಾರಸಿಗಳಲ್ಲಿ ಅವರದು ಅಗಾಧ ಪಾಂಡಿತ್ಯ. ಸಂಸ್ಕೃತದ ಗ್ರಂಥಗಳನ್ನೂ ಹಿಂದೂ ಪುರಾಣಗಳನ್ನೂ ಓದಿಕೊಂಡಿದ್ದರು. ಇಲ್ಲಿ ಸತ್ಯವನ್ನು ಮರೆಮಾಡಲಾಗದು. ಇಂದು ನಾವು ಸಭೆಗಳಲ್ಲಿ ಆಡುವ ಸರ್ವಧರ್ಮ ಸಮನ್ವಯದ ಮಾತನ್ನು ಅವರ ಬಾಯಲ್ಲಿ ಹಾಕಿದರೆ ಚರಿತ್ರೆಗೆ ಅಪಚಾರವಾದೀತು. ಅವರು ತಮ್ಮ ಮತದಲ್ಲಿ ಅಚಲ ನಿಷ್ಠೆಯುಳ್ಳವರು. ಆ ಗ್ರಂಥಗಳನ್ನು ಅವರು ಓದಿದುದು ಪಂಡಿತರೊಡನೆ ವಾದ ಮಾಡಿ ಗೆಲ್ಲುವುದಕ್ಕಾಗಿ. ಆದರೆ ವಾದಕ್ಕೆ ಮೊದಲು ಎದುರಿನವನ ಗ್ರಂಥವನ್ನು ಅವನ ಭಾಷೆಯಲ್ಲಿಯೇ ಕಲಿಯುವ ಶ್ರಮವನ್ನು ಎಷ್ಟು ಮಂದಿ ವಾದಿಗಳು ತೆಗೆದುಕೊಳ್ಳುತ್ತಾರೆ? ಸಂಗೀತದ ವಿಷಯದಲ್ಲಂತೂ ಅವರ ಹೃದಯ ವಿಶಾಲವಾಗಿತ್ತು. ಪಾರಸಿಯ ಗೀತಗಳ ಸೊಬಗನ್ನು ಬಲ್ಲ ಅವರು ಹಿಂದವಿಯ ಹಾಡುಗಳ ಕೋಮಲತೆಗೂ ಅಷ್ಟೇ ಕರಗುತ್ತಿದ್ದರು.

ಮಕ್ಕಳು ಮರಿಗಳು, ಶಿಷ್ಯರು, ಕೀರ್ತಿ ಎಲ್ಲವೂ ಕೂಡಿಬಂದ ಮೇಲೆ ಆ ಮುಪ್ಪಿನಲ್ಲಿ ಮತ್ತೆ ಮನೆ ಬಿಡುವ ಪ್ರಸಂಗ ಒದಗಿತು. 1398ರ ಡಿಸೆಂಬರಿನಲ್ಲಿ ತೈಮೂರನು ದಿಲ್ಲಿಯ ಮೇಲೆ ಬಂದನು. ಸೂರೆ, ಕೊಲೆಗಳಿಂದ ಆ ಮಹಾನಗರವು ಹಾಳಾಯಿತು. ಆ ದಿನಗಳಲ್ಲಿ ಖಾಜಾ ಅವರು ಪರಿವಾರದೊಡನೆ ದಿಲ್ಲಿಯನ್ನು ಬಿಟ್ಟು ಹೊರಟರು. ಗ್ವಾಲಿಯರ್ ಮಾರ್ಗವಾಗಿ ಗುಜರಾತಿಗೆ, ಅಲ್ಲಿಂದ ತಂದೆಯ ಸಮಾಧಿಯಿದ್ದ ದೌಲತಾಬಾದಿನ ಕಡೆಗೆ ಅವರ ಪ್ರಯಾಣ ಸಾಗಿತು. ಬಾಲ್ಯದಲ್ಲಿ ಸುಲ್ತಾನನ ಆಜ್ಞೆಯಿಂದ ನಡೆದ ದಾರಿಯ ಕಡೆಗೆ ಈಗ ಪ್ರಾಣಭಯದಿಂದ ನಡೆಯಬೇಕಾಯಿತು. ಅಲ್ಲಿಂದ ದಕ್ಷಿಣಕ್ಕೆ ಸಾಗಿ, ಸುಮಾರು 1400ರಲ್ಲಿ, ಅವರು ಕಲಬುರಗಿಯನ್ನು ಸೇರಿದರು.

ಆ ಕಾಲದ ಕಲಬುರಗಿ ಎಂತಹ ಊರು? 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ರಾಜಧಾನಿಯ ಪಟ್ಟ ಈ ಊರಿಗೆ ಬಂದಿತ್ತು. ಇರಾನ್, ಅರೇಬಿಯಾ, ಆಫ್ರಿಕಗಳಿಂದ ಸೈನಿಕರು, ವ್ಯಾಪಾರಿಗಳು, ವಿದ್ವಾಂಸರು, ಕುಶಲಕರ್ಮಿಗಳು ಇಲ್ಲಿಗೆ ಬರುತ್ತಿದ್ದರು. ಕೋಟೆಯೊಳಗೆ ಅಂಗಳವನ್ನೂ ಮುಚ್ಚುವಂತೆ ಗುಮ್ಮಟಗಳ ಸಾಲನ್ನು ಹೊತ್ತು ನಿಂತಿರುವ ಜಾಮಿ ಮಸೀದಿ 1367ರದು. ಅದರ ಶಿಲ್ಪಿ ರಫಿಯು ಇರಾನಿನ ಕಜ್ವೀನಿನವನು. ಇವರೆಲ್ಲರಿಗೂ ಅನ್ನ ಬೆಳೆದುಕೊಟ್ಟವರು, ಕಲ್ಲು ಹೊತ್ತವರು, ಬಟ್ಟೆ ನೇಯ್ದವರು ನಮ್ಮ ಸುತ್ತಲಿನ ಹಳ್ಳಿಗಳ ಕನ್ನಡಿಗರು, ತೆಲುಗರು, ಮರಾಠಿಗರು. ಹತ್ತು ಕಡೆಯ ಜನ ಒಂದೇ ಪೇಟೆಯಲ್ಲಿ ಕೊಡುಕೊಳ್ಳುವ ವ್ಯವಹಾರ ಮಾಡುವಾಗ ಮಾತಿಗೆ ಮಾತು ಬೆರೆಯುವುದು ಸಹಜ. ದಿಲ್ಲಿಯ ಕಡೆಯ ನುಡಿ ಇಲ್ಲಿಯ ನುಡಿಗಳೊಡನೆ ಬೆರೆತು ದಖ್ಖನಿಯಾಯಿತು. ನಮ್ಮ ಭಾಗದ ಕನ್ನಡದಲ್ಲಿಯೂ ಜಲ್ದಿ, ದವಾಖಾನೆ, ಅರ್ಜಿಗಳು ಮನೆಮಾತಾಗಿ ನೆಲೆಸಿದವು.

ಆಗ ಆಳುತ್ತಿದ್ದ ಫಿರೋಜ್ ಶಹನು ಹಲವು ಭಾಷೆಗಳನ್ನು ಬಲ್ಲ, ಗಣಿತ ಖಗೋಳಗಳಲ್ಲಿ ಆಸಕ್ತನಾದ ಅರಸ. ಅವನು ವೃದ್ಧ ಅತಿಥಿಯನ್ನು ಬಹು ಗೌರವದಿಂದ ಬರಮಾಡಿಕೊಂಡನು. ಖಾಜಾ ಅವರ ಆಶ್ರಮ ಕೋಟೆಯ ಸಮೀಪದಲ್ಲಿಯೇ ಏರ್ಪಟ್ಟಿತು. ಆದರೆ ಈ ಪ್ರೀತಿ ಬಹುಕಾಲ ಉಳಿಯಲಿಲ್ಲ. ಅರಸನಿಗೆ ತರ್ಕವಿದ್ಯೆಗಳ ಮೇಲೆ ಒಲವು. ಖಾಜಾ ಅವರ ಒಲವು ಅಧ್ಯಾತ್ಮದ ಕಡೆಗೆ. ಅರಸನು ತನ್ನ ಮಗನನ್ನು ಉತ್ತರಾಧಿಕಾರಿಯೆಂದು ಹರಸಬೇಕೆಂದು ಕೇಳಿದಾಗ ಖಾಜಾ ಅವರು ಒಪ್ಪಲಿಲ್ಲ. ಅವರ ಹರಕೆ ಅರಸನ ತಮ್ಮ ಅಹಮದನ ಮೇಲಿತ್ತು. ಇತಿಹಾಸಕಾರ ಫೆರಿಸ್ತಾ ಬರೆದಿರುವಂತೆ, ಆಶ್ರಮಕ್ಕೆ ಬರುವ ಜನಜಂಗುಳಿಯಿಂದ ಕೋಟೆಗೆ ತೊಂದರೆಯಾಗುತ್ತದೆಂಬ ಕಾರಣವನ್ನೊಡ್ಡಿ, ಆ ಸ್ಥಳವನ್ನು ಬಿಡಬೇಕೆಂದು ಅರಸನು ಹೇಳಿಕಳುಹಿಸಿದನು.

ವಾಚಕರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ದೌಲತಾಬಾದಿಗೆ ಒಮ್ಮೆ, ದಿಲ್ಲಿಯಿಂದ ಇನ್ನೊಮ್ಮೆ ಮನೆ ಬಿಟ್ಟಿದ್ದ ಮುದುಕರಿಗೆ ಮೂರನೆಯ ಸಲ ಜಾಗ ಬಿಡಬೇಕೆಂಬ ಆಜ್ಞೆ! ಕೋಣೆಗಾಗಿ ಹನ್ನೊಂದು ದಿನ ಅಲೆದು ಕಣ್ಣೀರು ತಂದುಕೊಂಡಿದ್ದ ನನಗೆ ಈ ಪುಟವನ್ನು ಓದುವಾಗ ನಾಚಿಕೆಯಾಯಿತು. ಅವರು ಊರನ್ನು ಶಪಿಸಿ ಹೊರಟುಹೋಗಲಿಲ್ಲ. ಕೋಟೆಯಿಂದ ದೂರ ಸರಿದು ಇಂದು ದರ್ಗಾ ಇರುವ ಸ್ಥಳದಲ್ಲಿ ನೆಲೆಯೂರಿದರು. ಜನಜಂಗುಳಿಯೂ ಅವರ ಹಿಂದೆಯೇ ಅಲ್ಲಿಗೆ ನಡೆಯಿತು. ಅರಸನ ಬಾಗಿಲ ಬಳಿಯಿದ್ದ ಗುರುಗಳು ಈಗ ಜನರ ನಡುವಿನವರಾದರು. ಹಿರಿಯ ಮಗ ಅಕ್ಬರ್ ಹುಸೈನಿಯವರನ್ನು ಕಳೆದುಕೊಂಡ ಶೋಕವೂ ಈ ಊರಿನಲ್ಲಿಯೇ ಅವರನ್ನು ಮುಟ್ಟಿತು. ಆದರೂ ಪಾಠ ನಿಲ್ಲಲಿಲ್ಲ, ಬರವಣಿಗೆ ನಿಲ್ಲಲಿಲ್ಲ.

1422ರ ಸೆಪ್ಟೆಂಬರಿನಲ್ಲಿ ಅಹಮದ್ ಶಹನು ಪಟ್ಟಕ್ಕೆ ಬಂದನು. ಕೆಲವೇ ವಾರಗಳ ತರುವಾಯ, ನವೆಂಬರ್ 1ರಂದು, ನೂರು ವರ್ಷಗಳನ್ನು ದಾಟಿದ್ದ ಖಾಜಾ ಅವರು ದೇಹವನ್ನಿಟ್ಟರು. ಅಹಮದನು ಮುಂದೆ ರಾಜಧಾನಿಯನ್ನು ಬೀದರಕ್ಕೆ ಒಯ್ದನು. ಅರಮನೆ ಹೋದ ಮೇಲೆ ಎಷ್ಟೋ ರಾಜಧಾನಿಗಳು ಹಾಳುಬಿದ್ದಿವೆ. ಭೀಮಾ ನದಿಯ ದಡದಲ್ಲಿ ಫಿರೋಜನು ಕಟ್ಟಿಸಿದ ಫಿರೋಜಾಬಾದಿನಲ್ಲಿ ಇಂದು ನೋಡಸಿಗುವುದು ಮುರಿದ ಗೋಡೆಗಳು. ಕಲಬುರಗಿಗೆ ಆ ಗತಿ ಬರಲಿಲ್ಲ. ಅರಸರು ಹೋದರೂ ಯಾತ್ರಿಕರು ಬರುವುದನ್ನು ಬಿಡಲಿಲ್ಲ. ಯಾತ್ರಿಕರು ಬಂದಲ್ಲಿ ಸಂತೆ, ಸಂತೆಯಿದ್ದಲ್ಲಿ ಊರು.

ಆ ಅಹಮದ್ ಶಹನ ಸಮಾಧಿ ಬೀದರದ ಬಳಿಯ ಅಷ್ಟೂರಿನಲ್ಲಿದೆ. ಅವನ ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿಯುಂಟು. ಅಲ್ಲಿಯ ಭಕ್ತರು ಆ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ನಂಬುತ್ತಾರೆ. ಇತ್ತ ಕಲಬುರಗಿಯಲ್ಲಿ, ಖಾಜಾ ಅವರು ಕಾಲವಾದ ನಾಲ್ಕು ಶತಮಾನಗಳ ಬಳಿಕ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಬಂದವರಿಗೆಲ್ಲ ಅನ್ನವಿಕ್ಕುವ ದಾಸೋಹವನ್ನು ನಡೆಸಿದರು. ಅವರೂ ಕಲಬುರಗಿಯವರಲ್ಲ, ಜೇವರಗಿ ತಾಲೂಕಿನ ಅರಳಗುಂಡಗಿಯಿಂದ ಬಂದವರು. ಹೀಗೆ ಈ ನಗರದ ಇಬ್ಬರು ಹಿರಿಯರೂ ವಲಸೆ ಬಂದವರೇ. ಇಂದಿಗೂ ಹೋಳಿ ಹುಣ್ಣಿಮೆಯ ಐದನೆಯ ದಿನ ಶರಣರ ತೇರು ಎಳೆಯುತ್ತದೆ. ಜಿಲ್ಕಾದ್ ತಿಂಗಳಲ್ಲಿ ಮೂರು ದಿನ ಖಾಜಾ ಅವರ ಉರುಸು ನಡೆಯುತ್ತದೆ: ಒಂದು ದಿನ ಸಂದಲ್, ಮರುದಿನ ದೀಪೋತ್ಸವ, ಮೂರನೆಯ ದಿನ ಜಿಯಾರತ್. ಎರಡಕ್ಕೂ ಹಳ್ಳಿಗಳಿಂದ ಬರುವವರಲ್ಲಿ ಅದೇ ಮುಖಗಳನ್ನು ಕಾಣಬಹುದು.

2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ ಐದು ಲಕ್ಷವನ್ನು ಮೀರಿತ್ತು. ತೊಗರಿಯ ಪೇಟೆಗೆ, ಕಚೇರಿಗಳಿಗೆ, ಆಸ್ಪತ್ರೆಗಳಿಗೆ, 1980ರಲ್ಲಿ ಆರಂಭವಾದ ವಿಶ್ವವಿದ್ಯಾಲಯಕ್ಕೆ ಜನರು ಬರುತ್ತಲೇ ಇದ್ದಾರೆ. ಬಂದವರನ್ನೆಲ್ಲ ಈ ನಗರವು ತೋಳು ಚಾಚಿ ಅಪ್ಪಿಕೊಳ್ಳುತ್ತದೆಂದು ನಾನು ಬರೆಯಲಾರೆ. ಆ ಹನ್ನೊಂದು ದಿನಗಳು ನನಗೆ ನೆನಪಿವೆ. ಆದರೆ ಬಾಗಿಲು ಮುಚ್ಚಿದವರು ಎಷ್ಟು ನಿಜವೋ, ಅಂಗಳದಲ್ಲಿ ರೊಟ್ಟಿ ಕೊಟ್ಟವರೂ ಅಷ್ಟೇ ನಿಜ. ಇವರಲ್ಲಿ ಯಾರ ಕಡೆಗೆ ಊರು ವಾಲಬೇಕೆಂಬುದು ನಮ್ಮ ನಿಮ್ಮ ಕೈಯಲ್ಲಿದೆ.

ನನಗೆ ಕೊನೆಗೆ ಕೋಣೆ ಕೊಟ್ಟವರು ಬೀದರದ ಕಡೆಯಿಂದ ಬಂದು ನೆಲೆಸಿದ್ದ ಒಬ್ಬ ದರ್ಜಿಯವರು. ಅವರು ನನ್ನನ್ನು ಕೇಳಿದುದು ಎರಡೇ ಮಾತು: ಬಾಡಿಗೆಯನ್ನು ತಿಂಗಳ ಮೊದಲಲ್ಲಿ ಕೊಡುವೆಯಾ, ರಾತ್ರಿ ಎಷ್ಟು ಹೊತ್ತು ದೀಪ ಉರಿಸುವೆ? ತಾವು ಹೊಸಬರಾಗಿ ಬಂದ ದಿನಗಳನ್ನು ಅವರು ಮರೆತಿರಲಿಲ್ಲವೆಂದು ನನಗೆ ತೋರುತ್ತದೆ.

ಮುತ್ಯಾ ಈಗಿಲ್ಲ. ಕಳೆದ ರಾಶಿಯ ತರುವಾಯ ನಾನೇ ಗುಡಿಗೂ ದರ್ಗಾಕ್ಕೂ ಹೋಗಿ, ಎರಡು ಗಂಟುಗಳನ್ನು ಊರಿಗೆ ಒಯ್ದೆನು. ಈ ವರ್ಷ ಚಿಂಚೋಳಿಯಿಂದ ಬಂದ ಹುಡುಗನೊಬ್ಬನು ಕಾಲೇಜಿನ ಬಾಗಿಲಲ್ಲಿ ಚೀಲವನ್ನಿಟ್ಟುಕೊಂಡು ಕೋಣೆಯ ವಿಚಾರ ಕೇಳುತ್ತಿದ್ದನು. ದರ್ಜಿಯವರ ಅಪ್ಪಣೆಯನ್ನು ಪಡೆದಿದ್ದೇನೆ. ನನ್ನ ಕೋಣೆಯಲ್ಲಿ ಇನ್ನೊಂದು ಚಾಪೆ ಹಾಸುವಷ್ಟು ಸ್ಥಳವಿದೆ.