ಕಾಲು ನೊಂದವನ ಕಣ್ಣು: ವಿಲಿಯಂ ಜಾನ್ ಲಿಟ್ಲ್

ವೈದ್ಯಶಾಸ್ತ್ರದ ಚರಿತ್ರೆಯನ್ನು ಓದುವಾಗಲೆಲ್ಲ, ರೋಗವನ್ನು ಗ್ರಂಥಗಳಿಂದ ಅರಿತವರಿಗಿಂತ ತಮ್ಮ ದೇಹದಲ್ಲಿಯೇ ಅನುಭವಿಸಿ ಅರಿತವರ ಬಾಳು ನನ್ನನ್ನು ಹೆಚ್ಚಾಗಿ ಸೆಳೆಯುತ್ತದೆ. ಇಂಗ್ಲೆಂಡಿನ ವಿಲಿಯಂ ಜಾನ್ ಲಿಟ್ಲ್ ಅಂಥವರಲ್ಲೊಬ್ಬನು. ಹುಟ್ಟುವ ಗಳಿಗೆಯಲ್ಲಿ ಶಿಶುವಿನ ಮಿದುಳಿಗೆ ಒದಗುವ ಆಘಾತದ ಕಡೆಗೆ ವೈದ್ಯಲೋಕದ ಕಣ್ಣನ್ನು ತಿರುಗಿಸಿದವನು ಅವನು.

ಲಿಟ್ಲ್ ಜನಿಸಿದ್ದು 1810ರಲ್ಲಿ, ಲಂಡನ್ನಿನಲ್ಲಿ. ಅವನ ತಂದೆ ಆಲ್ಡ್‌ಗೇಟಿನಲ್ಲಿ ಒಂದು ವಸತಿಗೃಹವನ್ನು ನಡೆಸುತ್ತಿದ್ದನು. ಎಳೆತನದಲ್ಲಿ ತಗುಲಿದ ಪೋಲಿಯೊ ರೋಗದಿಂದ ಮಗುವಿನ ಎಡಪಾದ ಒಳಕ್ಕೆ ತಿರುಚಿಕೊಂಡಿತು. ಶಾಲೆಯಲ್ಲಿ ಒಡನಾಡಿಗಳ ಅಪಹಾಸ್ಯ ಅವನ ಪಾಲಿಗೆ ನಿತ್ಯದ ಪಾಠವಾಯಿತು. ವೈದ್ಯ ವೃತ್ತಿಯನ್ನು ಹಿಡಿದ ಮೇಲೂ ತನ್ನ ಕಾಲಿಗೆ ಮದ್ದನ್ನು ಅರಸುವ ಹಂಬಲ ಅವನನ್ನು ಬಿಡಲಿಲ್ಲ.

ಆ ಕಾಲದಲ್ಲಿ ಹಿಮ್ಮಡಿಯ ಸ್ನಾಯುರಜ್ಜನ್ನು ಕತ್ತರಿಸುವುದೆಂದರೆ ಶಸ್ತ್ರವೈದ್ಯರು ಹಿಂಜರಿಯುತ್ತಿದ್ದರು. ಗಾಯ ಕೀತರೆ ಕಾಲಿನೊಡನೆ ಪ್ರಾಣಕ್ಕೂ ಅಪಾಯವಿತ್ತು. ಜರ್ಮನಿಯ ಹ್ಯಾನೋವರಿನಲ್ಲಿ ಸ್ಟ್ರೋಮೆಯರ್ ಎಂಬ ವೈದ್ಯನು ಚರ್ಮದಲ್ಲಿ ಕಿರಿದಾದ ರಂಧ್ರವನ್ನಷ್ಟೇ ಮಾಡಿ, ಒಳಗಿನ ರಜ್ಜನ್ನು ಕತ್ತರಿಸುವ ಕ್ರಮವನ್ನು ರೂಢಿಸಿದ್ದನು. 1836ರಲ್ಲಿ ಲಿಟ್ಲ್ ಅವನ ಮುಂದೆ ತನ್ನ ಪಾದವನ್ನು ಚಾಚಿದನು. ಕಾಲು ನೆಟ್ಟಗಾಯಿತು. ಕಲಿತ ವಿದ್ಯೆಯನ್ನು ಅವನು ಲಂಡನ್ನಿಗೆ ತಂದು, ಅಂಗವಿಕಲರ ಚಿಕಿತ್ಸೆಗಾಗಿ ಒಂದು ಸಂಸ್ಥೆಯನ್ನೇ ಸ್ಥಾಪಿಸಿದನು. ಮುಂದೆ ಅದು ರಾಯಲ್ ಆರ್ಥೊಪೀಡಿಕ್ ಆಸ್ಪತ್ರೆಯಾಗಿ ಬೆಳೆಯಿತು.

ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರ ಕೈಕಾಲುಗಳು ಬಿಗಿದುಕೊಂಡಿದ್ದವು. ಇವರ ಪಾಡು ತನ್ನದರಂತಲ್ಲವೆಂಬುದನ್ನು ಅವನು ಕಂಡನು. ತಾಯಂದಿರನ್ನು ಕೇಳಿದಾಗ ಒಂದೇ ಬಗೆಯ ಉತ್ತರ ಮರಳಿ ಮರಳಿ ಬಂದಿತು: ಕಷ್ಟದ ಹೆರಿಗೆ, ಅಕಾಲ ಜನನ, ಹುಟ್ಟಿದೊಡನೆ ಅಳದ, ಉಸಿರುಗಟ್ಟಿದ ಕೂಸು. 1861ರಲ್ಲಿ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಓದಿದ ಪ್ರಬಂಧದಲ್ಲಿ ಅವನು ಈ ನಂಟನ್ನು ವಿಶದಪಡಿಸಿದನು. ಆ ವ್ಯಾಧಿಗೆ ಬಹುಕಾಲ ಲಿಟ್ಲನ ರೋಗವೆಂದೇ ಹೆಸರಿತ್ತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಲಿಟ್ಲ್ 1894ರಲ್ಲಿ ಕಾಲವಾದ ಬಳಿಕ, 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಕಷ್ಟದ ಹೆರಿಗೆಯು ಕೆಲವೆಡೆ ಕಾರಣವಲ್ಲದೆ, ಗರ್ಭದಲ್ಲಿಯೇ ಒದಗಿದ ದೋಷದ ಲಕ್ಷಣವೂ ಆಗಿರಬಹುದೆಂದು ವಾದಿಸಿದನು. ಇಂಥ ಮಕ್ಕಳಲ್ಲಿ ಅಲ್ಪಭಾಗಕ್ಕೆ ಮಾತ್ರ ಉಸಿರುಗಟ್ಟುವಿಕೆ ಕಾರಣವೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತಿಳಿಸಿತು. ಆದರೂ ಆ ಅಲ್ಪಭಾಗದ ವ್ಯಥೆ ಅಲ್ಪವಲ್ಲ.

ಲಿಟ್ಲ್ ಬಿಗಿದ ಅಂಗಗಳನ್ನು ಸಡಿಲಿಸಬಲ್ಲವನಾಗಿದ್ದನು. ನೊಂದ ಮಿದುಳಿಗೆ ಅವನಲ್ಲಿ ಔಷಧವಿರಲಿಲ್ಲ. ಇಂದು ಆ ಕೂಸಿನ ದೇಹವನ್ನು 72 ಗಂಟೆಗಳ ಕಾಲ ತಂಪಾಗಿಟ್ಟು ಮಿದುಳನ್ನು ಕಾಪಾಡಲೆತ್ನಿಸುವ ಕ್ರಮವಿದೆ. ಅದರಿಂದಲೂ ಎಲ್ಲ ಶಿಶುಗಳು ಪಾರಾಗವು. ಆದುದರಿಂದ ಜೀವಕೋಶಗಳ ಬೆಳವಣಿಗೆಯನ್ನೂ ಉಳಿವನ್ನೂ ಪ್ರಚೋದಿಸುವ ಪ್ರೋಟೀನುಗಳ ಕಡೆಗೆ ವಿಜ್ಞಾನಿಗಳು ತಿರುಗಿದರು. ಕೆಂಪು ರಕ್ತಕಣಗಳನ್ನು ಬೆಳೆಸುವ ಎರಿತ್ರೊಪೊಯಿಟಿನ್ ಅವುಗಳಲ್ಲೊಂದು. ಪ್ರಾಣಿಗಳ ಮಿದುಳನ್ನು ಅದು ಕಾಪಾಡಿದಂತೆ ಕಂಡಿತ್ತು. ಆದರೆ ಅಮೆರಿಕದಲ್ಲಿ ತಂಪು ಚಿಕಿತ್ಸೆ ಪಡೆದ ಸುಮಾರು 500 ಶಿಶುಗಳಲ್ಲಿ, ಕೆಲವರಿಗೆ ಅದನ್ನೂ ಉಳಿದವರಿಗೆ ಬರಿಯ ಲವಣದ್ರಾವಣವನ್ನೂ ಕೊಟ್ಟು ಹೋಲಿಸಿದ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾದಾಗ ಆಸೆ ಫಲಿಸಲಿಲ್ಲ. ಮರಣವಾಗಲಿ ವೈಕಲ್ಯವಾಗಲಿ ತಗ್ಗಲಿಲ್ಲ. ತೀವ್ರವಾದ ಅಡ್ಡಪರಿಣಾಮಗಳೇ ಹೆಚ್ಚಿದವು.

ಇದನ್ನು ಓದಿದಾಗ ನನಗೆ ಲಿಟ್ಲನ ಪಾದ ನೆನಪಾಯಿತು. ಅವನು ತನ್ನ ಕಾಲನ್ನು ತಾನೇ ಒಡ್ಡಿದನು. ಹಸುಗೂಸಿಗೆ ಆ ಸ್ವಾತಂತ್ರ್ಯವಿಲ್ಲ. ಕಳವಳದ ಆ ಮೊದಲ ಗಂಟೆಗಳಲ್ಲಿ ತಾಯಿತಂದೆಯರೇ ಒಪ್ಪಿಗೆ ಕೊಡಬೇಕು. ಅಂಥವರ ನಂಬಿಕೆಗೆ ವಿಜ್ಞಾನವು ಸಲ್ಲಿಸಬಹುದಾದ ಗೌರವ ಒಂದೇ: ಆಸೆಯನ್ನು ಔಷಧವೆಂದು ಕರೆಯುವ ಮುನ್ನ ಒರೆಗೆ ಹಚ್ಚುವುದು, ಬಂದ ಉತ್ತರ ಕಹಿಯಾದರೂ ಮರೆಮಾಡದಿರುವುದು. ಮುಂದೆ ಹುಟ್ಟುವ ಮಕ್ಕಳು ವ್ಯರ್ಥವಾದ ಮದ್ದಿನಿಂದ ಪಾರಾಗುವುದು ಇದರಿಂದಲೇ. ತಾಯಂದಿರ ಮಾತಿಗೆ ಕಿವಿಗೊಟ್ಟು ಈ ಹುಡುಕಾಟಕ್ಕೆ ಮೊದಲಿಟ್ಟ ಲಿಟ್ಲನ ಋಣ ನಮ್ಮ ಮೇಲೆ ಇನ್ನೂ ಇದೆ.