360 ಎಲೆಗಳ ಒಡೆಯರು

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇಸ್ಪೀಟು ಅಂದ ಕೂಡಲೇ ಮನೆಯಲ್ಲಿ ಬೈಗುಳ ಶುರು. ದುಡ್ಡು ಕಟ್ಟಿ ಆಡಿ ಮನೆ ಹಾಳು ಮಾಡಿಕೊಂಡವರ ಕಥೆ ಕೇಳಿಕೊಂಡೇ ನಾವು ಬೆಳೆದದ್ದು. ಆದರೆ ನಮ್ಮ ಸೀಮೆಯೂ ಸೇರಿದ್ದ ಮೈಸೂರು ರಾಜ್ಯದ ಅರಸರೊಬ್ಬರು ಹೊಸ ಹೊಸ ಎಲೆಯಾಟಗಳನ್ನೇ ಕಟ್ಟಿದ್ದರು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರು.

ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಈ ಐದು ವರ್ಷದ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿದರು. ಆಡಳಿತ ನೋಡಿಕೊಂಡದ್ದು ದಿವಾನ್ ಪೂರ್ಣಯ್ಯ. ಆಮೇಲೆ ಒಡೆಯರು ತಾವೇ ಆಳಿದರು. ಆದರೆ ನಗರದ ರೈತರ ದಂಗೆಯ ನಂತರ, 1831ರಲ್ಲಿ, ಕಂಪನಿ ಅಧಿಕಾರ ಕಿತ್ತುಕೊಂಡಿತು. ಬ್ರಿಟಿಷ್ ಕಮಿಷನರ್ ಕೆಳಗೆ ರಾಜ್ಯ ನಾಲ್ಕು ಡಿವಿಜನ್ ಆಯ್ತು, ಚಿತ್ರದುರ್ಗವೂ ಅದರಲ್ಲಿ ಒಂದು. ಒಡೆಯರಿಗೆ ಆಗಿನ್ನೂ 37 ವರ್ಷ.

ರಾಜ್ಯ ಹೋದರೂ ತಲೆ ಸುಮ್ಮನಿರಬೇಕಲ್ಲ! ಚದುರಂಗದ ಕುದುರೆ ಒಂದು ಮನೆಗೆ ಎರಡು ಸಲ ಬರದಂತೆ 64 ಮನೆ ಸುತ್ತುವ ದಾರಿಗಳನ್ನು ಅವರು ರಚಿಸಿದರು. ಅವರ ಹೆಸರಿನ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವಿದೆ. ಅದರಲ್ಲಿ ಗಂಜೀಫಾ ಮುಖ್ಯ.

ಮಾಮೂಲಿ ದಶಾವತಾರ ಗಂಜೀಫಾದಲ್ಲಿ 10 ಬಣ್ಣ, ಬಣ್ಣಕ್ಕೆ 12 ಎಲೆ, ಒಟ್ಟು 120. ರಾಜ, ಮಂತ್ರಿ ಬಿಟ್ಟರೆ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು! ದೊಡ್ಡ ಎಲೆ ಹಾಕಿದವರು ಎಲ್ಲರ ಎಲೆ ಎತ್ತಿಕೊಳ್ಳುತ್ತಾರೆ. ಹಾಗಾಗಿ ಯಾವ ಎಲೆ ಹೋಯ್ತು, ಯಾವುದು ಉಳಿದಿದೆ ಅಂತ ನೆನಪಿಟ್ಟವರೇ ಗೆಲ್ಲೋದು. ಬ್ಲ್ಯಾಕ್‌ಜಾಕ್‌ನ ಗುಟ್ಟೂ ಇದೇ. ಹತ್ತರ ಎಲೆಗಳು, ಎಕ್ಕಗಳು ಹೆಚ್ಚು ಉಳಿದಿದ್ದರೆ ಆಟಗಾರನಿಗೆ ಅನುಕೂಲ. ಲೆಕ್ಕ ಇಡೋರನ್ನು ತಡೆಯಲು ಕ್ಯಾಸಿನೊಗಳು ಆರು ಕಟ್ಟು, ಅಂದರೆ 312 ಎಲೆ ಬೆರೆಸುತ್ತವೆ. ಒಡೆಯರ ಮೈಸೂರು ಛದ್ ಆಟಗಳಲ್ಲಿ 18 ಬಣ್ಣದವರೆಗೆ, 360 ಎಲೆವರೆಗೆ! ಜೊತೆಗೆ ತುರುಫು, ಜೋಕರ್ ಥರದ ಎಲೆಗಳು ಬೇರೆ. ಇಷ್ಟು ಕಷ್ಟದ ಆಟ ಅರಮನೆ ದಾಟಿ ಊರುಗಳಿಗೆ ಬರಲೇ ಇಲ್ಲ.

ಈ ನಡುವೆ ರಾಜ್ಯ ವಾಪಸ್ ಕೊಡಿ ಅಂತ ಬ್ರಿಟಿಷರಿಗೆ ಬರೆಯೋದನ್ನು ಮಾತ್ರ ಅವರು ಬಿಡಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರು. 1867ರಲ್ಲಿ ಬ್ರಿಟಿಷರು ಅದನ್ನು ಒಪ್ಪಿದರು. ಮರುವರ್ಷ ಒಡೆಯರು ತೀರಿಕೊಂಡರು. 1881ರಲ್ಲಿ ರಾಜ್ಯ ಆ ದತ್ತುಮಗನ ಕೈಗೆ ಬಂತು.

ಎಲೆಯಾಟ ಮನೆ ಹಾಳು ಮಾಡುತ್ತೆ ಅನ್ನೋದು ಸುಳ್ಳಲ್ಲ, ಹಾಳು ಮಾಡೋದು ಅದಕ್ಕೆ ಕಟ್ಟೋ ದುಡ್ಡು. ನೆನಪು, ತಾಳ್ಮೆ ಕಟ್ಟಿ ಆಡಿದವರೂ ಇದ್ದರು ಅನ್ನೋದು ನಮಗೆ ಈಗ ಗೊತ್ತಾಯ್ತು.