ಎಲುಬನ್ನು ಕಾಣಿಸಿದ ರಾಂಟ್ಜನ್ ಪಂಡಿತನು

ಮಾಂಸದೊಳಗೆ ಮರೆಯಾಗಿರುವ ಎಲುಬು ಮುರಿದಿದೆಯೋ ಇಲ್ಲವೋ ಎಂಬದನ್ನು ಪೂರ್ವಕಾಲದ ವೈದ್ಯರು ಕೈಯಿಂದ ಒತ್ತಿ ನೋಡಿ, ರೋಗಿಯ ನರಳಾಟವನ್ನು ಕೇಳಿ ಊಹಿಸಬೇಕಾಗಿತ್ತು. ಆ ಮರೆಯನ್ನು ತೆಗೆದ ವಿಲ್ಹೆಲ್ಮ್ ಕೊನ್ರಾಡ್ ರಾಂಟ್ಜನ್ ಎಂಬವನ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸುವೆವು.

ಈತನು 1845ನೆಯ ಇಸವಿ ಮಾರ್ಚ್ 27ರಲ್ಲಿ ಜರ್ಮನಿ ದೇಶದ ಲೆನ್ನೆಪ್ ಎಂಬ ಊರಲ್ಲಿ ಬಟ್ಟೆ ವ್ಯಾಪಾರಿಯ ಒಬ್ಬನೇ ಮಗನಾಗಿ ಹುಟ್ಟಿದನು. ಬಾಲ್ಯವನ್ನು ಹಾಲೆಂಡಿನಲ್ಲಿ ಕಳೆದು, ಜೂರಿಕ್ ಪಟ್ಟಣದಲ್ಲಿ ಕಲಿತು, 1869ರಲ್ಲಿ ಪಂಡಿತ ಪದವಿಯನ್ನು ಪಡೆದನು. 1888ರಿಂದ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದನು. ಅಲ್ಲಿ 1895ರ ನವೆಂಬರ್ 8ರಂದು ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ತನ್ನು ಹರಿಸುತ್ತಿರುವಾಗ, ಕೊಳವೆಗೆ ಕಪ್ಪು ಕಾಗದ ಹೊದಿಸಿದ್ದರೂ, ದೂರದಲ್ಲಿದ್ದ ಲೇಪ ಹಚ್ಚಿದ ಪರದೆಯು ಮಿನುಗುವದನ್ನು ಕಂಡನು. ಕೂಡಲೆ ಯಾರಿಗೂ ಸಾರದೆ, ಅನೇಕ ವಾರ ಒಬ್ಬನೇ ಪರೀಕ್ಷಿಸಿದನು. ಡಿಸೆಂಬರ್ 22ರಂದು ತನ್ನ ಹೆಂಡತಿಯಾದ ಬರ್ತಾಳ ಕೈಯ ಚಿತ್ರವನ್ನು ತೆಗೆದಾಗ, ಎಲುಬುಗಳೂ ಬೆರಳಿನ ಉಂಗುರವೂ ಅದರಲ್ಲಿ ಮೂಡಿದವು. ಈ ಕಿರಣವು ಮಾಂಸವನ್ನು ಸುಲಭವಾಗಿ ದಾಟುವದು. ಎಲುಬು ಅದನ್ನು ಬಹುಮಟ್ಟಿಗೆ ತಡೆಯುವದು. ಇದೇ ಎಕ್ಸ್‌ರೇ.

1896ರಲ್ಲಿಯೇ ಅನೇಕ ದೇಶಗಳ ವೈದ್ಯರು ಮುರಿದ ಎಲುಬುಗಳನ್ನು ಇದರಿಂದ ನೋಡತೊಡಗಿದರು. ರಾಂಟ್ಜನನು ಅದರ ಹಕ್ಕನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. 1901ರಲ್ಲಿ ದೊರೆತ ನೊಬೆಲ್ ಬಹುಮಾನದ ಹಣವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟನು. 1923ರ ಫೆಬ್ರವರಿ 10ರಂದು ಮ್ಯೂನಿಕ್ ಪಟ್ಟಣದಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡನು.

ಆ ರೋಗದವರಿಗೆ ಈತನ ಕಿರಣವು ಈಗ ಬಹಳ ಉಪಕಾರವಾಗಿದೆ. ಸ್ತನ, ಶ್ವಾಸಕೋಶ ಮೊದಲಾದವುಗಳಲ್ಲಿ ಹುಟ್ಟಿದ ಕ್ಯಾನ್ಸರು ಕೆಲವರಲ್ಲಿ ಎಲುಬಿಗೂ ಹಬ್ಬುವದುಂಟು. ಗೆದ್ದಲು ತಿಂದ ತೊಲೆಯಂತೆ ಆ ಎಲುಬು ಹೊರಗೆ ನೆಟ್ಟಗಿದ್ದು ಒಳಗೆ ಟೊಳ್ಳಾಗಿ, ಕೊಡ ಎತ್ತಿದಷ್ಟಕ್ಕೇ ಮುರಿಯಬಹುದು. ಮುರಿಯುವ ಮೊದಲೇ ಚಿತ್ರದಲ್ಲಿ ಕಂಡರೆ, ವೈದ್ಯರು ಲೋಹದ ಸರಳನ್ನು ಹಾಕಿಯೋ ಕಿರಣಚಿಕಿತ್ಸೆ ಮಾಡಿಯೋ ಎಲುಬನ್ನು ಕಾಪಾಡಲು ಯತ್ನಿಸುವರು. ಆದರೆ ಎಲುಬಿನ ಸತ್ವವು ಮೂರರಲ್ಲೊಂದು ಪಾಲಾದರೂ ಸವೆಯುವ ತನಕ ಸಾಮಾನ್ಯ ಎಕ್ಸ್‌ರೇಯಲ್ಲಿ ದೋಷವು ಕಾಣದೆ ಹೋಗಬಹುದು. ಆದದರಿಂದ ಚಿತ್ರವು ಚೆನ್ನಾಗಿದ್ದರೂ ನೋವು ನಿಲ್ಲದಿದ್ದರೆ, ಸಿ.ಟಿ., ಎಂ.ಆರ್.ಐ. ಎಂಬ ಸೂಕ್ಷ್ಮ ಪರೀಕ್ಷೆಗಳುಂಟು.

ನಮ್ಮ ಊರುಗಳಲ್ಲಿ ಎಲುಬು ನೋವಿಗೆ ಎಣ್ಣೆ ತಿಕ್ಕಿ ಸುಮ್ಮನಿರುವವರು ಬಹಳ. ಕ್ಯಾನ್ಸರು ಇದ್ದವರಿಗೆ ಅಥವಾ ಹಿಂದೆ ಬಂದುಹೋದವರಿಗೆ ಹಗಲಿರುಳು ಬಿಡದ ಎಲುಬು ನೋವು ಹುಟ್ಟಿದರೆ, ತಿಕ್ಕಿಸದೆ, ಎಳೆಸದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಹಳೆಯ ರೋಗದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಬೆನ್ನುನೋವಿನೊಂದಿಗೆ ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಆ ದಿನವೇ ಹೊರಡಿರಿ. ರಾಂಟ್ಜನನು ಬೆಲೆ ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟ ಬೆಳಕನ್ನು ನಾವು ತಡಮಾಡಿ ವ್ಯರ್ಥಮಾಡಬಾರದು.